ಮಳೆಗಾಲದ ಮುಂಬಯಿಯಲ್ಲಿ ಗೆಕ್ಕೊ ಟ್ಯಾಂಕಿನ ನೊಣ ಕಾಟ: ಹಂತ ಹಂತದ ಪರಿಹಾರ

ಮುಂಬಯಿಯಲ್ಲಿ ಜೂನ್ ಮಳೆ ಹಿಡಿದ ಮೇಲೆ ಗೆಕ್ಕೊ ಅನ್ನುವ ಹಲ್ಲಿ ಸಾಕುವವರ ಮನೆಗಳಲ್ಲಿ ಒಂದೇ ಗೋಳು. ಅದನ್ನಿಟ್ಟ ಗಾಜಿನ ಟ್ಯಾಂಕಿನ ಬಾಗಿಲು ತೆಗೆದರೆ ಸಣ್ಣ ಕಪ್ಪು ನೊಣಗಳು ಮುಖಕ್ಕೆ ಬರುತ್ತವೆ. ಟಿವಿ ಪರದೆ ಮೇಲೆ ಕೂರುತ್ತವೆ, ಚಹಾ ಲೋಟದಲ್ಲಿ ಬಿದ್ದು ಸಾಯುತ್ತವೆ. ಮನೆಯವರು "ಒಂದೋ ಆ ಹಲ್ಲಿ ಇರಬೇಕು, ಇಲ್ಲ ನಾವಿರಬೇಕು" ಅನ್ನುವ ಹೊತ್ತಿಗೆ ಕೈ ತಾನಾಗಿ ಸ್ಪ್ರೇ ಡಬ್ಬದ ಕಡೆ ಹೋಗುತ್ತದೆ. ಆ ಡಬ್ಬ ಅಲ್ಲೇ ಇರಲಿ.

ಕಣ್ಣಿಗೆ ಕಾಣುವ ನೊಣ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬದುಕುತ್ತದೆ. ಅದರ ಮರಿಹುಳಗಳು ಟ್ಯಾಂಕಿನೊಳಗೆ ಎಲ್ಲೋ ಒದ್ದೆಯಲ್ಲಿ, ಕೊಳೆತದ್ದರಲ್ಲಿ ಹೊಟ್ಟೆ ತುಂಬಿಸಿಕೊಳ್ಳುತ್ತಿರುತ್ತವೆ. ಅವುಗಳ ಊಟ ನಿಲ್ಲಿಸಿದರೆ ನೊಣ ನಿಲ್ಲುತ್ತದೆ. ಹಾರುವುದನ್ನು ಎಷ್ಟು ಹೊಡೆದರೂ ನಾಳೆ ಅಷ್ಟೇ ಬರುತ್ತವೆ. ಇನ್ನೊಂದು ಮಾತು: ಗೆಕ್ಕೊಗೆ ಬೇಕಾದದ್ದು ಗಾಳಿಯಲ್ಲಿ ತೇವ, ಕಾಲಡಿಯಲ್ಲಿ ಕೆಸರಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ತೊಂದರೆ ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದ ಬರುತ್ತದೆ.

ಮೊದಲ ಹಂತ: ಯಾವ ನೊಣ ಅಂತ ಗುರುತಿಸಿ

ನೊಣ ಯಾವುದು ಅಂತ ತಿಳಿಯದೆ ಔಷಧಿ ತಂದರೆ ದುಡ್ಡು ದಂಡ. ಒಂದು ನೊಣವನ್ನು ಸೆಲ್ಲೋಟೇಪಿಗೆ ಅಂಟಿಸಿ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಆಗಿರುತ್ತದೆ.

ಮಣ್ಣಿನಿಂದ ಏಳುವ, ಸಣ್ಣ ಸೊಳ್ಳೆಯಂತೆ ಕಾಣುವ, ಉದ್ದ ಕಾಲಿನ ಕಪ್ಪು ನೊಣ ಫಂಗಸ್ ನ್ಯಾಟ್. ಎರಡರಿಂದ ನಾಲ್ಕು ಮಿಲಿಮೀಟರ್ ಇರುತ್ತದೆ. ಸರಿಯಾಗಿ ಹಾರಲು ಬರುವುದಿಲ್ಲ, ಗಿಡದ ಬುಡದಲ್ಲೇ ತೂರಾಡುತ್ತಿರುತ್ತದೆ. ಇದರ ಹುಳ ಪಾರದರ್ಶಕವಾಗಿದ್ದು, ತಲೆ ಮಾತ್ರ ಮಿರಿಮಿರಿ ಕಪ್ಪು. ತಿನ್ನುವುದು ಬೂಷ್ಟು, ಕೊಳೆತ ಎಲೆ, ಎಳೆ ಬೇರು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಹಾಕಿ ಗಿಡ ನೆಟ್ಟ ಟ್ಯಾಂಕುಗಳಲ್ಲಿ ಹತ್ತರಲ್ಲಿ ಏಳೆಂಟು ಸಲ ಇದೇ.

ಕಂದು ಮೈ, ಕೆಂಪು ಕಣ್ಣು, ಊಟದ ಬಟ್ಟಲಿನ ಸುತ್ತ ಸುತ್ತುವುದು ಹಣ್ಣಿನ ನೊಣ. ಮೇ ತಿಂಗಳ ಆಪೂಸ್ ಮಾವಿನ ಜತೆ ಮನೆಗೆ ಬಂದು, ಮಾವು ಮುಗಿದ ಮೇಲೆ ಗೆಕ್ಕೊ ಊಟದ ಮೇಲೆ ಸಂಸಾರ ಹೂಡುತ್ತದೆ. ಗಣೇಶ ಚತುರ್ಥಿಯ ಹಣ್ಣು, ನಿರ್ಮಾಲ್ಯ ಮೂಲೆಯಲ್ಲಿ ಉಳಿದಾಗ ಇನ್ನೊಂದು ಸುತ್ತು.

ಮೂರನೆಯದು ಫೋರಿಡ್. ಬೆನ್ನು ಗೂನು, ನೋಡಲು ಹಣ್ಣಿನ ನೊಣದ ಹಾಗೇ, ಆದರೆ ಹಾರುವ ಬದಲು ಗಾಜಿನ ಮೇಲೆ ಅಂಕುಡೊಂಕಾಗಿ ಓಡುತ್ತದೆ. ಬೆರಳು ತಂದರೂ ಓಡುವುದೇ ಜಾಸ್ತಿ. ಗೆಕ್ಕೊಗೆ ತಿನ್ನಿಸಲು ತಂದ ಕ್ರಿಕೆಟ್ ಹುಳ ಸತ್ತದ್ದು, ಹಿಕ್ಕೆ, ಕೊಳೆತ ಮಾಂಸ ಇದರ ಊಟ. ನಾಲ್ಕರಲ್ಲಿ ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಇದೊಂದೇ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ನಾಲ್ಕನೆಯದು ಚಿಟ್ಟೆಯಂತೆ ರೋಮದ ರೆಕ್ಕೆಯಿರುವ ಬೂದು ಬಣ್ಣದ ಮೋರಿ ನೊಣ. ಇದು ಬಹುತೇಕ ಟ್ಯಾಂಕಿನದ್ದಲ್ಲ, ಬಚ್ಚಲಿನದ್ದು. ಸುಮ್ನೆ ಗೆಕ್ಕೊ ಮೇಲೆ ಗೂಬೆ ಕೂರಿಸುತ್ತಿರುತ್ತೇವೆ.

ಎಲೆ ಸರಿಸಿದಾಗ ಪುಟಪುಟ ಜಿಗಿಯುವ ಬಿಳಿ ಚುಕ್ಕಿಗಳು ಕಂಡರೆ ಅವು ಸ್ಪ್ರಿಂಗ್‌ಟೇಲ್. ಅವುಗಳಿಗೆ ರೆಕ್ಕೆ ಇಲ್ಲ. ಅವು ನಿಮ್ಮ ಪಕ್ಷದವು, ಕೊಲ್ಲಬೇಡಿ.

ಎರಡನೇ ಹಂತ: ಹುಟ್ಟುವ ಜಾಗ ಹುಡುಕಿ

ಹಸಿ ಆಲೂಗಡ್ಡೆಯನ್ನು ಅರ್ಧ ಬೆರಳು ದಪ್ಪಕ್ಕೆ ಕತ್ತರಿಸಿ, ಕತ್ತರಿಸಿದ ಮುಖ ಕೆಳಗಿರುವಂತೆ ಟ್ಯಾಂಕಿನ ಮಣ್ಣಿಗೆ ಒತ್ತಿ ಇಡಿ. ಎರಡು ದಿನ ಬಿಟ್ಟು ತಿರುವಿ ನೋಡಿ. ಫಂಗಸ್ ನ್ಯಾಟ್ ಇದ್ದರೆ ಕಪ್ಪು ತಲೆಯ ಹುಳಗಳು ಅದಕ್ಕೆ ಅಂಟಿಕೊಂಡಿರುತ್ತವೆ. ಟ್ಯಾಂಕಿನ ನಾಲ್ಕು ಮೂಲೆಗೂ ಒಂದೊಂದು ಹೋಳು ಇಟ್ಟರೆ ಯಾವ ಮೂಲೆ ಹೆಚ್ಚು ಒದ್ದೆ ಅನ್ನುವುದೂ ಗೊತ್ತಾಗುತ್ತದೆ. ಹೋಳನ್ನು ಹುಳ ಸಮೇತ ತೆಗೆದು ಕವರಿಗೆ ಹಾಕಿ ಕಟ್ಟಿ ಎಸೆಯಿರಿ. ಮೂರು ದಿನ ಮೀರಿ ಅಲ್ಲೇ ಬಿಟ್ಟರೆ ನೀವೇ ಊಟ ಬಡಿಸಿದ ಹಾಗಾಗುತ್ತದೆ.

ಮೋರಿ ನೊಣದ ಅನುಮಾನ ಇದ್ದರೆ ರಾತ್ರಿ ಬಚ್ಚಲ ಜಾಲರಿಯನ್ನು ಒಣ ಬಟ್ಟೆಯಿಂದ ಒರೆಸಿ, ಅದರ ಮೇಲೆ ಅಗಲ ಟೇಪನ್ನು ಅಂಟು ಕೆಳಗಾಗಿ ಹಚ್ಚಿ. ಗಾಳಿಯಾಡಲು ಸ್ವಲ್ಪ ಸಂದಿ ಇರಲಿ. ಬೆಳಿಗ್ಗೆ ನೊಣ ಅಂಟಿದ್ದರೆ ಟ್ಯಾಂಕ್ ನಿರಪರಾಧಿ. ಕೊಳವೆಯ ಒಳಗಿನ ಲೋಳೆಯನ್ನು ಉದ್ದ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಬರೀ ಫಿನಾಯಿಲ್ ಸುರಿದರೆ ಲೋಳೆ ಜಾಗ ಬಿಟ್ಟು ಹೋಗುವುದಿಲ್ಲ.

ಇನ್ನೊಂದು ಜಾಗವನ್ನು ಎಲ್ಲರೂ ಮರೆಯುತ್ತಾರೆ: ಟ್ಯಾಂಕಿನ ಪಕ್ಕದ ಮನಿಪ್ಲಾಂಟ್, ಕಿಟಕಿ ಗ್ರಿಲ್ಲಿನ ತುಳಸಿ ಕುಂಡ. ನ್ಯಾಟ್ ಅಲ್ಲಿ ಹುಟ್ಟಿ ಇಲ್ಲಿಗೆ ಬರುತ್ತಿರಬಹುದು. ಆಲೂಗಡ್ಡೆ ಪರೀಕ್ಷೆ ಕುಂಡಕ್ಕೂ ಮಾಡಿ.

ಮೂರನೇ ಹಂತ: ನೀರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ಇದರ ಮುಂದೆ ಸಣ್ಣದು.

ಕ್ರೆಸ್ಟೆಡ್ ಗೆಕ್ಕೊ ನ್ಯೂ ಕ್ಯಾಲಿಡೋನಿಯಾ ದ್ವೀಪದ್ದು. ನಿರ್ನಾಮವಾಗಿದೆ ಅಂದುಕೊಂಡಿದ್ದ ಈ ಪ್ರಾಣಿ 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಇದಕ್ಕೆ ರಾತ್ರಿ ತೇವಾಂಶ ಶೇಕಡ 70–80ಕ್ಕೆ ಏರಬೇಕು, ಹಗಲು ಶೇಕಡ 50–60ಕ್ಕೆ ಇಳಿಯಬೇಕು. ಏರುವುದು ಎಷ್ಟು ಮುಖ್ಯವೋ ಇಳಿಯುವುದೂ ಅಷ್ಟೇ ಮುಖ್ಯ. ದಿನವಿಡೀ ಒದ್ದೆಯಲ್ಲಿದ್ದರೆ ಚರ್ಮ, ಉಸಿರಾಟ ಎರಡೂ ಕೆಡುತ್ತವೆ. ಪುಸ್ತಕಗಳಲ್ಲಿ "ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೀರು ಸ್ಪ್ರೇ ಮಾಡಿ" ಅಂತ ಇರುತ್ತದೆ. ಅದು ಚಳಿದೇಶದ ಹೀಟರ್ ಹಾಕಿದ ಒಣ ಕೋಣೆಗೆ ಹೇಳಿದ ಮಾತು. ಜುಲೈ ತಿಂಗಳ ಮುಂಬಯಿಯಲ್ಲಿ ಹೊರಗಿನ ಗಾಳಿಯೇ ಶೇಕಡ 80 ದಾಟಿರುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕೋಣೆಯಲ್ಲಿ ಟ್ಯಾಂಕಿಗೆ ದಿನಕ್ಕೆರಡು ಸಲ ನೀರು ಹೊಡೆದರೆ ಆ ನೀರು ಹೋಗುವುದಾದರೂ ಎಲ್ಲಿಗೆ? ಕೆಳಗೆ ಇಳಿದು ಕೊಕೊಪೀಟಿನಲ್ಲಿ ಕೂರುತ್ತದೆ.

ಆದ್ದರಿಂದ ಡಿಜಿಟಲ್ ತೇವಮಾಪಕ ತನ್ನಿ. ಮುಳ್ಳು ತಿರುಗುವ ಅಗ್ಗದ್ದನ್ನು ನಂಬಬೇಡಿ. ಅದನ್ನು ಟ್ಯಾಂಕಿನ ನಡುಮಟ್ಟದಲ್ಲಿ ಕೂರಿಸಿ. ಸಂಜೆ ಅದು 70 ತೋರಿಸುತ್ತಿದ್ದರೆ ಅವತ್ತು ಸ್ಪ್ರೇ ಬೇಡ. ಗೆಕ್ಕೊ ನೆಕ್ಕಲಿ ಅಂತ ಎಲೆ, ಗಾಜಿನ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು. ಹೊಡೆಯುವುದಿದ್ದರೂ ಗಾಜಿಗೆ, ಎಲೆಗೆ ಹೊಡೆಯಿರಿ, ಮಣ್ಣಿಗೆ ಬೇಡ. ಬೆಳಿಗ್ಗೆ ಹತ್ತು ಗಂಟೆಗೂ ಗಾಜು ಮಂಜಾಗಿದ್ದರೆ ಹಿಂದಿನ ರಾತ್ರಿ ಜಾಸ್ತಿಯಾಗಿದೆ ಅಂತಲೇ ಅರ್ಥ.

ಏಸಿ ಕೋಣೆಯ ಲೆಕ್ಕ ಬೇರೆ. ಕ್ರೆಸ್ಟೆಡ್ ಗೆಕ್ಕೊಗೆ 28 ಡಿಗ್ರಿ ಮೇಲೆ ಹೋದರೆ ಕಷ್ಟ. ಹಾಗಾಗಿ ಮುಂಬಯಿಯಲ್ಲಿ ಏಸಿ ಇಲ್ಲದೆ ಅದನ್ನು ಸಾಕುವುದು ನನ್ನ ಪ್ರಕಾರ ತಪ್ಪು. ಏಸಿ ಗಾಳಿಯ ತೇವ ಹೀರುತ್ತದೆ, ಅಲ್ಲಿ ರಾತ್ರಿ ಸ್ಪ್ರೇ ಬೇಕಾಗುತ್ತದೆ. ಆದರೆ ನೀವು ಬೆಳಿಗ್ಗೆ ಏಸಿ ಆರಿಸಿ, ಕಿಟಕಿ ಮುಚ್ಚಿ ಲೋಕಲ್ ಹಿಡಿಯಲು ಓಡುತ್ತೀರಿ. ಹಗಲಿಡೀ ಟ್ಯಾಂಕ್ ಬೇಯುತ್ತದೆ, ನ್ಯಾಟ್ ಹಬ್ಬ ಮಾಡುತ್ತದೆ. ಟ್ಯಾಂಕಿನ ಮೇಲಿನ ಜಾಲರಿಗೆ ಕಂಪ್ಯೂಟರಿನ ಸಣ್ಣ 12 ವೋಲ್ಟ್ ಫ್ಯಾನನ್ನು ಗಾಳಿ ಹೊರಗೆಳೆಯುವಂತೆ ಕೂರಿಸಿ, ಟೈಮರಿಗೆ ಹಾಕಿ. ಹಗಲಲ್ಲಿ ಗಂಟೆಗೆ ಹದಿನೈದು ನಿಮಿಷ ತಿರುಗಿದರೂ ಮಣ್ಣಿನ ಮೇಲ್ಪದರ ಒಣಗುತ್ತದೆ. ಫಂಗಸ್ ನ್ಯಾಟ್ ಗಾಳಿಗೆ ಎದುರು ಹಾರಲಾರದು, ಅದು ಇನ್ನೊಂದು ಲಾಭ.

ಮೇಲಿನ ಎರಡು ಮೂರು ಸೆಂಟಿಮೀಟರ್ ಮಣ್ಣು ಒಣಗಿರಬೇಕು. ಗುರಿ ಇಷ್ಟೇ. ಮೊಟ್ಟೆ ಇಡುವ ನ್ಯಾಟಿಗೆ ಒದ್ದೆ ಮೇಲ್ಮೈ ಬೇಕು. ಟ್ಯಾಂಕಿನ ಗಿಡ ಬಾಡುತ್ತದೆ ಅನಿಸಿದರೆ ಮೇಲಿಂದ ಸುರಿಯದೆ, ಬುಡಕ್ಕೆ ಒಂದು ಸ್ಟ್ರಾ ಇಳಿಸಿ ಅದರ ಮೂಲಕ ನೀರು ಬಿಡಿ. ಮಣ್ಣಿನ ಕೆಳಗೆ ಜೇಡಿಗುಂಡುಗಳ ಪದರ ಹಾಕಿದ್ದರೆ ಟಾರ್ಚ್ ಹಿಡಿದು ನೋಡಿ. ಅದರಲ್ಲಿ ನೀರು ನಿಂತಿದ್ದರೆ ಕೊಳವೆ ಇಳಿಸಿ ಹೀರಿ ತೆಗೆಯಿರಿ. ಕುಡಿಯುವ ನೀರಿನ ಬಟ್ಟಲನ್ನು ದಿನಾ ತೊಳೆದು ಬದಲಿಸಿ. ನಿಂತ ನೀರಿನಲ್ಲಿ ಸೊಳ್ಳೆ ಮರಿ ಕಂಡರೆ ಬಿಎಂಸಿಯವರು (ಮುಂಬಯಿ ಮಹಾನಗರ ಪಾಲಿಕೆ) ನೋಟಿಸ್ ಕೊಡುತ್ತಾರೆ. ಡೆಂಗಿ ದಿನಗಳಲ್ಲಿ ಅದು ಸರಿಯೂ ಹೌದು.

ಲೆಪರ್ಡ್ ಗೆಕ್ಕೊ ಸಾಕುವವರಿಗೆ ಈ ಕಷ್ಟ ಅರ್ಧ. ಅದು ಒಣ ನಾಡಿನ ಪ್ರಾಣಿ. ಪೊರೆ ಬಿಡಲು ಒಂದು ಒದ್ದೆ ಗುಹೆ ಇದ್ದರೆ ಸಾಕು. ಆ ಗುಹೆಯೊಳಗಿನ ಪಾಚಿಯನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಅದ್ದಿ ಹಿಂಡಿ, ತಣಿದ ಮೇಲೆ ಮತ್ತೆ ಇಡಿ.

ನಾಲ್ಕನೇ ಹಂತ: ಊಟ ಮತ್ತು ಕ್ರಿಕೆಟ್ ಡಬ್ಬ

ಹಣ್ಣಿನ ಪುಡಿ ಕಲಸಿದ ಊಟವನ್ನು ಒಂದೆರಡು ದಿನ ಬಿಡಬಹುದು ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ. ಮುಂಬಯಿ ಸೆಖೆಗೆ ಆ ಮಾತು ನಡೆಯುವುದಿಲ್ಲ. ದೀಪ ಆರಿಸುವಾಗ ಇಡಿ, ಬೆಳಿಗ್ಗೆ ಚಹಾಕ್ಕೆ ಮೊದಲು ತೆಗೆಯಿರಿ. 25 ಡಿಗ್ರಿಯಲ್ಲಿ ಹಣ್ಣಿನ ನೊಣ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಹತ್ತೇ ದಿನ ಸಾಕು. ಬಟ್ಟಲನ್ನು ಮಣ್ಣಿನ ಮೇಲಿಡದೆ ಗೋಡೆಗೆ ಹೀರುಬಿಲ್ಲೆಯಲ್ಲಿ ತೂಗುಹಾಕಿ. ಚೆಲ್ಲಿದ ಹನಿ ಕಾಣುತ್ತದೆ, ಒರೆಸಲು ಸುಲಭ. ಮಾಟುಂಗ ಮಾರ್ಕೆಟ್ಟಿನ ಏಲಕ್ಕಿ ಬಾಳೆ ಕೊಡುವ ಆಸೆ ಇದ್ದರೆ ಸಿಪ್ಪೆ ಸಮೇತ ತೊಳೆದು, ತಿರುಳನ್ನು ಕಿವುಚಿ, ಬರ್ಫದ ಟ್ರೇಯಲ್ಲಿ ಗಟ್ಟಿ ಮಾಡಿಡಿ. ಬೇಕಾದಾಗ ಒಂದು ತುಂಡು ಕರಗಿಸಿ ಕೊಡಿ. ಇದು ಅಪರೂಪಕ್ಕೆ ಕೊಡುವ ತಿಂಡಿ, ದಿನದ ಊಟವಲ್ಲ.

ಫೋರಿಡ್ ಬಂದಿದ್ದರೆ ಟ್ಯಾಂಕ್ ಬಿಟ್ಟು ಮೊದಲು ಕ್ರಿಕೆಟ್ ಹುಳ ಇಟ್ಟ ಡಬ್ಬ ತೆಗೆದು ನೋಡಿ. ತಳದಲ್ಲಿ ಸತ್ತ ಹುಳ, ಒದ್ದೆ ಹಿಕ್ಕೆ, ಕೊಳೆತ ಕ್ಯಾರೆಟ್ ಇರುತ್ತದೆ. ಬದುಕಿರುವ ಕ್ರಿಕೆಟ್ಟುಗಳನ್ನು ಹೊಸ ಮೊಟ್ಟೆ ಟ್ರೇ ಹಾಕಿದ ಒಣ ಡಬ್ಬಕ್ಕೆ ದಾಟಿಸಿ. ಹಳೆ ಟ್ರೇ ಕಸಕ್ಕೆ. ಡಬ್ಬವನ್ನು ಕುದಿನೀರು, ಸೋಪಿನಲ್ಲಿ ತೊಳೆದು ಒಣಗಿಸಿ. ನೀರಿನ ಬಟ್ಟಲು ಇಡಬೇಡಿ, ಕ್ಯಾರೆಟ್ ತುಂಡು ಸಾಕು. ಅದನ್ನೂ ದಿನ ಬಿಟ್ಟು ದಿನ ಬದಲಿಸಿ. ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲಿ ಸಣ್ಣ ಫೋರಿಡ್ ನುಸುಳುತ್ತದೆ. ಮುಚ್ಚಳಕ್ಕೆ ಒತ್ತಾಗಿ ನೇಯ್ದ ತೆಳು ಬಟ್ಟೆ ಕಟ್ಟಿ. ಗೆಕ್ಕೊಗೆ ಹಾಕಿದ ಹುಳಗಳಲ್ಲಿ ರಾತ್ರಿ ತಿನ್ನದೆ ಉಳಿದದ್ದನ್ನು ಬೆಳಿಗ್ಗೆ ಹಿಡಿದು ವಾಪಸ್ ಹಾಕಿ. ತೊಗಟೆಯ ಹಿಂದೆ ಸತ್ತ ಒಂದೇ ಒಂದು ಕ್ರಿಕೆಟ್ ಎಷ್ಟೋ ನೊಣಗಳನ್ನು ಸಾಕುತ್ತದೆ.

ಐದನೇ ಹಂತ: ಬಲೆ

ಬಲೆಯಿಂದ ಕಾಟ ಮುಗಿಯುವುದಿಲ್ಲ. ಆದರೆ ಮೊಟ್ಟೆ ಇಡುವವುಗಳ ಸಂಖ್ಯೆ ಇಳಿಯುತ್ತದೆ, ನಿಮ್ಮ ಕೆಲಸ ಫಲ ಕೊಡುತ್ತಿದೆಯೇ ಅನ್ನುವುದೂ ತಿಳಿಯುತ್ತದೆ.

ಹಣ್ಣಿನ ನೊಣಕ್ಕೆ ಸಣ್ಣ ಲೋಟದಲ್ಲಿ ಸೇಬಿನ ವಿನಿಗರ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ಸೋಪು ಇಲ್ಲದಿದ್ದರೆ ನೊಣ ನೀರಿನ ಮೇಲೆ ಕೂತು ಕುಡಿದು ಹೋಗುತ್ತದೆ. ಲೋಟ ಟ್ಯಾಂಕಿನ ಹೊರಗಿರಲಿ. ಫಂಗಸ್ ನ್ಯಾಟಿಗೆ ವಿನಿಗರ್ ಅಷ್ಟಾಗಿ ಹಿಡಿಸುವುದಿಲ್ಲ, ಅದಕ್ಕೆ ಹಳದಿ ಅಂಟುಹಾಳೆ ಬೇಕು. ರೈತರು ಬಳಸುವ ಅದೇ ಹಾಳೆ, ಆನ್‌ಲೈನಿನಲ್ಲಿ, ಗೊಬ್ಬರದಂಗಡಿಯಲ್ಲಿ ಸಿಗುತ್ತದೆ.

ಈ ಹಾಳೆಯನ್ನು ಬಿಚ್ಚಿದ ಹಾಗೇ ಟ್ಯಾಂಕಿನೊಳಗೆ ಎಂದೂ ಇಡಬೇಡಿ. ಗೆಕ್ಕೊ ಅದಕ್ಕೆ ಅಂಟಿದರೆ ಚರ್ಮ ಕಿತ್ತು ಬರುತ್ತದೆ, ಬಾಲ ಉದುರುತ್ತದೆ. ಕ್ರೆಸ್ಟೆಡ್ ಗೆಕ್ಕೊದ ಬಾಲ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಹಾಳೆಯನ್ನು ಜಾಲರಿಯ ಹೊರಗೆ ಮೇಲ್ಗಡೆ ಇಡಿ. ಒಳಗೇ ಬೇಕೆಂದರೆ ಪ್ಲಾಸ್ಟಿಕ್ ಡಬ್ಬಕ್ಕೆ ಸುತ್ತ ಸಣ್ಣ ತೂತು ಹೊಡೆದು, ಹಾಳೆಯ ತುಂಡನ್ನು ಅದರೊಳಗಿಟ್ಟು ಮುಚ್ಚಳ ಭದ್ರ ಮಾಡಿ. ಅಕಸ್ಮಾತ್ ಪ್ರಾಣಿ ಅಂಟಿಕೊಂಡರೆ ಎಳೆಯಬೇಡಿ. ಕೊಬ್ಬರಿ ಎಣ್ಣೆ ಸವರುತ್ತಾ ಹೋದರೆ ಅಂಟು ನಿಧಾನವಾಗಿ ಬಿಡುತ್ತದೆ.

ಹಾಳೆಗೆ ತಾರೀಖು ಬರೆದು ವಾರಕ್ಕೊಂದು ಬದಲಿಸಿ, ಅಂಟಿದವನ್ನು ಎಣಿಸಿ. ಫಂಗಸ್ ನ್ಯಾಟಿನ ಒಂದು ಸುತ್ತು ಮೂರರಿಂದ ನಾಲ್ಕು ವಾರ. ಮೊದಲ ಎರಡು ವಾರ ಸಂಖ್ಯೆ ಇಳಿಯದಿದ್ದರೆ ಗಾಬರಿ ಬೇಡ, ಕೋಶದೊಳಗಿದ್ದವು ಹೊರಬರುತ್ತಿವೆ ಅಷ್ಟೇ.

ಆರನೇ ಹಂತ: ಬಿಟಿಐ

ನೀರು ಹಿಡಿತಕ್ಕೆ ಬಂದ ಮೇಲೂ ಆಲೂಗಡ್ಡೆಯಲ್ಲಿ ಹುಳ ಕಂಡರೆ ಬಿಟಿಐ ಬಳಸಿ. ಇದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಒಂದು ನೀರಿನ ಹೊಂಡದಲ್ಲಿ ಸಿಕ್ಕಿತು. ಸೊಳ್ಳೆ, ನ್ಯಾಟ್ ಮರಿಹುಳಗಳು ಇದನ್ನು ತಿಂದರೆ ಕರುಳು ಒಡೆದು ಸಾಯುತ್ತವೆ. ಗೆಕ್ಕೊಗೆ, ನಮಗೆ ತೊಂದರೆ ಇಲ್ಲ.

ಅಂಗಡಿಯಲ್ಲಿ "ಬಿಟಿ ಕೊಡಿ" ಅಂದರೆ ಕೊಡುವುದು ಸಾಮಾನ್ಯವಾಗಿ ಕುರ್ಸ್ಟಾಕಿ ಅನ್ನುವ ಬೇರೆ ತಳಿ. ಅದು ಎಲೆ ತಿನ್ನುವ ಕಂಬಳಿಹುಳಕ್ಕೆ. ನ್ಯಾಟಿಗೆ ಅದು ನೀರು ಹೊಡೆದಷ್ಟೇ. ಲೇಬಲ್ಲಿನಲ್ಲಿ ಇಸ್ರೇಲೆನ್ಸಿಸ್ ಅಂತ ಇದ್ದರೆ ಮಾತ್ರ ತನ್ನಿ. ಲೇಬಲ್ಲಿನ ಪ್ರಮಾಣದಲ್ಲಿ ನೀರಿಗೆ ಕಲಸಿ, ಗೆಕ್ಕೊವನ್ನು ಬೇರೆ ಡಬ್ಬಕ್ಕೆ ಹಾಕಿ, ಮಣ್ಣಿನ ಮೇಲ್ಪದರ ನೆನೆಯುವಷ್ಟು ಹಾಕಿ. ಕಲಸಿದ್ದನ್ನು ಅಂದೇ ಮುಗಿಸಿ. ಫ್ಯಾನ್ ಹಾಕಿ ಮತ್ತೆ ಒಣಗಿಸಿ. ವಾರಕ್ಕೊಮ್ಮೆಯಂತೆ ನಾಲ್ಕು ವಾರ ಬಿಡದೆ ಮಾಡಿ. ಮೊಟ್ಟೆ, ಕೋಶ, ಹಾರುವ ನೊಣ ಯಾವುದಕ್ಕೂ ಇದು ತಟ್ಟುವುದಿಲ್ಲ, ಅದಕ್ಕೇ ನಡುವೆ ನಿಲ್ಲಿಸಬಾರದು. ಹಣ್ಣಿನ ನೊಣ, ಫೋರಿಡ್‌ಗೆ ಇದನ್ನು ನೆಚ್ಚಬೇಡಿ.

ಸ್ಪ್ರಿಂಗ್‌ಟೇಲ್, ಐಸೊಪಾಡ್ (ಕೊಳೆತದ್ದು ತಿನ್ನುವ, ಹಲವು ಕಾಲಿನ ಪುಟ್ಟ ಜೀವಿ) ತಂದು ಟ್ಯಾಂಕಿಗೆ ಬಿಟ್ಟರೆ ಅವು ಬೂಷ್ಟು, ಕೊಳೆತ ಎಲೆ ತಿಂದು ನ್ಯಾಟಿನ ಊಟ ಕಸಿಯುತ್ತವೆ. ಒಳ್ಳೆಯ ಸಹಾಯಕರು, ಆದರೆ ಕೆಸರಾದ ಟ್ಯಾಂಕನ್ನು ಅವು ಸರಿಮಾಡಲಾರವು.

ಏನು ಮಾಡಬಾರದು

ಸೊಳ್ಳೆ ಸ್ಪ್ರೇ, ಕಾಯಿಲ್, ಪ್ಲಗ್ಗಿಗೆ ಸಿಕ್ಕಿಸುವ ಲಿಕ್ವಿಡ್, ಕೆರೆದು ಗೆರೆ ಎಳೆಯುವ ಲಕ್ಷ್ಮಣರೇಖೆ ಚಾಕ್ ಯಾವುದೂ ಆ ಕೋಣೆಯಲ್ಲಿ ಬೇಡ. ಇವುಗಳಲ್ಲಿರುವ ಪೈರೆಥ್ರಾಯ್ಡ್ ಅನ್ನುವ ಕೀಟನಾಶಕ ಸರೀಸೃಪಗಳಿಗೆ ವಿಷ. ಕರ್ಪೂರ, ಲೋಬಾನ ಹೊಗೆ, ನುಸಿಗುಳಿಗೆ ಕೂಡ ಹಾಗೇ. ಮೇಲಿನ ಮನೆ ಆಂಟಿ ಪ್ರೀತಿಯಿಂದ ಹೇಳುವ ಬೇವಿನೆಣ್ಣೆ ಬಾಲ್ಕನಿ ಕುಂಡಕ್ಕೆ ಸರಿ, ಟ್ಯಾಂಕಿಗೆ ಬೇಡ. ಹುಳ ಕೊಲ್ಲಲು ಉದುರಿಸುವ ಡಯಾಟಮ್ ಪುಡಿ ಒದ್ದೆಯಾದರೆ ಕೆಲಸ ಮಾಡುವುದಿಲ್ಲ, ಒಣಗಿದ್ದರೆ ಗೆಕ್ಕೊದ ಶ್ವಾಸಕ್ಕೆ ಹೋಗುತ್ತದೆ. ಸೊಸೈಟಿಯವರು ಪೆಸ್ಟ್ ಕಂಟ್ರೋಲ್ ಮಾಡಿಸುವ ದಿನ ಮೊದಲೇ ಕೇಳಿಟ್ಟುಕೊಂಡು ಟ್ಯಾಂಕನ್ನು ಬೇರೆಯವರ ಮನೆಗೆ ಸಾಗಿಸಿ. ವಾಚ್‌ಮನ್ ಬಾಗಿಲು ತಟ್ಟಿದ ಮೇಲೆ ಓಡಾಡಿದರೆ ತಡವಾಗುತ್ತದೆ.

ಕೈ ಮೀರಿದಾಗ

ಐದಾರು ವಾರವಾದರೂ ಹಾಳೆಯ ಲೆಕ್ಕ ಇಳಿಯದಿದ್ದರೆ, ಅಥವಾ ಮಣ್ಣು ಹುಳಿ ವಾಸನೆ ಹೊಡೆದರೆ, ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿ. ಗೆಕ್ಕೊಗೆ ಅಡಿಗೆ ಟಿಶ್ಯೂ ಹಾಸಿದ ಸಾದಾ ಡಬ್ಬ ಸಾಕು. ಹಳೆ ಮಣ್ಣು ಕವರಿನಲ್ಲಿ ಕಟ್ಟಿ ಕಸಕ್ಕೆ. ಮರದ ತೊಗಟೆ, ಕೊಂಬೆಗಳನ್ನು ಅರ್ಧ ಗಂಟೆ ಕುದಿಸಿ, ಬಿಸಿಲು ಸಿಕ್ಕ ದಿನ ಪೂರಾ ಒಣಗಿಸಿ. ಹೊಸ ಕೊಕೊಪೀಟನ್ನು ಅರ್ಧ ಗಂಟೆ ಆವಿಯಲ್ಲಿ ಬೇಯಿಸಿ ಆರಿಸಿ. ಇದಕ್ಕೆ ಮನೆಯ ಇಡ್ಲಿ ಪಾತ್ರೆ ಮುಟ್ಟಬೇಡಿ, ಗುಜರಿಯವನಿಗೆ ಕೊಡಬೇಕೆಂದಿದ್ದ ಹಳೆಯ ಪಾತ್ರೆ ಇದ್ದೇ ಇರುತ್ತದಲ್ಲ, ಅದನ್ನು ಇದಕ್ಕೇ ಮೀಸಲಿಡಿ. ಗೆಕ್ಕೊಗಳ ಮೈಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲ ಬ್ಯಾಕ್ಟೀರಿಯಾ ಇರಬಹುದು. ಟ್ಯಾಂಕಿನ ಸಾಮಾನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ. ಮನೆಯಲ್ಲಿ ಐದು ವರ್ಷದೊಳಗಿನ ಮಗು ಇದ್ದರೆ ಇನ್ನೂ ಜಾಗ್ರತೆ.

ನರ್ಸರಿ ಗಿಡದ ಮಣ್ಣನ್ನೆಲ್ಲ ತೊಳೆದು, ಬೇರು ಬರಿದಾಗಿಸಿ, ಬೇರೆ ಕುಂಡದಲ್ಲಿ ಒಂದು ತಿಂಗಳು ನೋಡಿ ಆಮೇಲೆ ಟ್ಯಾಂಕಿಗೆ ಹಾಕಿ. ಬೊರಿವಲಿ ನ್ಯಾಷನಲ್ ಪಾರ್ಕಿನಿಂದ ಒಣ ಎಲೆ, ತೊಗಟೆ ತರುವುದು ಬೇಡ. ಅದು ಕಾನೂನಿಗೂ ವಿರುದ್ಧ, ಹುಳವೂ ಜತೆಗೆ ಬರುತ್ತದೆ. ನಮ್ಮ ಕಾಡಿನ ಹಲ್ಲಿಗಳನ್ನು ಹಿಡಿದು ಸಾಕುವಂತೆಯೂ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಹೊರದೇಶದ ಪ್ರಾಣಿ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದ್ದು ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿ ಬಂದರೆ, 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು.

ಇನ್ನು ಫೋರಿಡ್ ವಿಷಯ. ಇದು ಗಾಯದಲ್ಲೂ, ಕೆಟ್ಟ ಮೊಟ್ಟೆಯಲ್ಲೂ ಮರಿ ಮಾಡಬಲ್ಲದು. ಮರಿ ಮಾಡಿಸುವವರು ಬೂಷ್ಟು ಹಿಡಿದ ಮೊಟ್ಟೆಯನ್ನು ಒಳ್ಳೆಯ ಮೊಟ್ಟೆಗಳ ಪಕ್ಕದಿಂದ ಕೂಡಲೇ ತೆಗೆಯಬೇಕು. ಗೆಕ್ಕೊ ಮೈಮೇಲೆ ಗಾಯ, ಉದುರಿದ ಬಾಲದ ಬುಡ ಇದ್ದರೆ ವಾಸಿಯಾಗುವ ತನಕ ಟಿಶ್ಯೂ ಹಾಸಿದ ಡಬ್ಬದಲ್ಲೇ ಇರಲಿ. ಗಾಯದಲ್ಲಿ ಹುಳ ಕಂಡರೆ ಅಂದೇ ಸರೀಸೃಪ ನೋಡುವ ವೈದ್ಯರ ಹತ್ತಿರ ಹೋಗಿ. ನಾಯಿಗೆ ಸುರಿಯುವ ಟರ್ಪೆಂಟೈನ್ ಗೆಕ್ಕೊ ಮೇಲೆ ಬಿದ್ದರೆ ಹುಳಕ್ಕಿಂತ ಮೊದಲು ಅದೇ ಸಾಯುತ್ತದೆ.

ಚೌತಿಗೆ ನಾಲ್ಕು ದಿನ ಊರಿಗೆ ಹೋಗುವವರು ಹೊರಡುವ ಹಿಂದಿನ ರಾತ್ರಿಯ ಊಟದ ಬಟ್ಟಲು ಬೆಳಿಗ್ಗೆ ತೆಗೆದೇ ಹೊರಡಿ. ತಿನ್ನಲು ಹುಳ ಬಿಟ್ಟು ಹೋಗಬೇಡಿ, ಮನೆಯ ಕಸದ ಡಬ್ಬ ಖಾಲಿ ಮಾಡಿ. ಆರೋಗ್ಯವಾಗಿರುವ ದೊಡ್ಡ ಗೆಕ್ಕೊ ಅಷ್ಟು ದಿನ ಊಟವಿಲ್ಲದೆ ಇರಬಲ್ಲದು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟರೆ ಎರಡೇ ಕೆಲಸ ಹೇಳಿ: ದಿನಾ ಕುಡಿಯುವ ನೀರು ಬದಲಿಸುವುದು, ಕೋಣೆಯ ತಾಪ 28 ದಾಟದಂತೆ ನೋಡುವುದು. ನೀರಿನ ಸ್ಪ್ರೇ ಬಾಟಲಿ ಮಾತ್ರ ಅವರ ಕೈಗೆ ಸಿಗದ ಹಾಗೆ ಎತ್ತಿಡಿ.